ಅಗ್ಗದ ಲ್ಯಾಪ್‌ಟಾಪ್ ಇರಲಿ, ಅಡ್ರೆಸ್ಸಿಲ್ಲದ ಅಂಗಡಿ ಬೇಡ

ಹತ್ತನೇ ಮತ್ತು ಹನ್ನೆರಡನೇ ತರಗತಿಯ ಫಲಿತಾಂಶ ಬಂದ ವಾರದಿಂದಲೇ ನಮ್ಮ ಹೊಸೂರು ಸೀಮೆಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಸುತ್ತತೊಡಗುತ್ತದೆ. ‘ವಿದ್ಯಾರ್ಥಿಗಳಿಗೆ ಮಾತ್ರ. ಐ5 ಲ್ಯಾಪ್‌ಟಾಪ್, 16 ಜಿಬಿ, ಬೆಲೆ 4,999 ರೂಪಾಯಿ. ಇವತ್ತೇ ಕಡೆ ದಿನ. ಮನೆಬಾಗಿಲಿಗೆ ಪಾರ್ಸೆಲ್.’ ಕೆಳಗೊಂದು ಲಿಂಕ್. ಪಾಲಿಟೆಕ್ನಿಕ್‌ಗೋ ಡಿಗ್ರಿಗೋ ಸೇರಬೇಕಾದ ಮಗು ಇರುವ ಮನೆಯಲ್ಲಿ ಆ ರಾತ್ರಿ ಲೆಕ್ಕ ಶುರುವಾಗುತ್ತದೆ. ಸಂಘದಲ್ಲಿ ಎಷ್ಟು ಸಾಲ ಹುಟ್ಟುತ್ತದೆ, ಚೀಟಿ ಈ ತಿಂಗಳೇ ಎತ್ತಬಹುದಾ, ಕಾಲೇಜು ಫೀಜಿಗೆ ಎಷ್ಟು ತೆಗೆದಿಡಬೇಕು. ಮರುದಿನ ನನಗೆ ಫೋನು: ‘ಸಾರ್, ಇದನ್ನ ನಂಬಬಹುದಾ?’

ನಿವೃತ್ತನಾದ ಮೇಲೂ ಹಳೆಯ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಲ್ಲಿ ಈಗ ಇದೇ ಹೆಚ್ಚು. ಇದಕ್ಕೆ ಊರಿನಲ್ಲಿ ಎರಡು ಸಿದ್ಧ ಉತ್ತರಗಳಿವೆ. ಸಂಬಳದವರು ಹೇಳುವುದು, ‘ಅಗ್ಗದ್ದೆಲ್ಲ ಮೋಸ, ಕೊಂಡರೆ ಹೊಸದೇ ಕೊಳ್ಳಿ.’ ಹುಡುಗರು ಹೇಳುವುದು, ‘ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ, ಏನು ಹೋಗುತ್ತೆ?’ ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯದನ್ನು ನೋಡೋಣ. ಗುಲಾಬಿ ಪಾಲಿಹೌಸಿನಲ್ಲಿ ದಿನಗೂಲಿ ಮಾಡುವ ತಾಯಿಗೆ ಮೂವತ್ತು ನಲವತ್ತು ಸಾವಿರದ ಹೊಸ ಲ್ಯಾಪ್‌ಟಾಪ್ ಕೊಳ್ಳಿ ಎನ್ನುವುದು ಬುದ್ಧಿವಾದವಲ್ಲ, ಬಾಗಿಲು ಹಾಕಿದ ಹಾಗೆ. ಹಳೆಯದನ್ನು ಸರಿಪಡಿಸಿ ಮಾರುವುದು, ಅಂದರೆ ರಿಫರ್ಬಿಶ್ಡ್ ವ್ಯಾಪಾರ, ಮರ್ಯಾದೆಯ ವ್ಯಾಪಾರವೇ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಸಾವಿರಗಟ್ಟಲೆ ಲ್ಯಾಪ್‌ಟಾಪ್ ಬದಲಾಯಿಸುತ್ತವೆ. ಅವು ಲಾಟಿನಲ್ಲಿ ಮಾರಾಟವಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ, ಚೆನ್ನೈನ ರಿಚಿ ಸ್ಟ್ರೀಟಿಗೆ, ದೆಹಲಿಯ ನೆಹರು ಪ್ಲೇಸಿಗೆ ಬರುತ್ತವೆ. ಅಲ್ಲಿ ಶುಚಿ ಮಾಡಿ, ಡಿಸ್ಕು ಬ್ಯಾಟರಿ ಬದಲಿಸಿ ಮಾರುತ್ತಾರೆ. ಆಫೀಸಿನಲ್ಲಿ ದುಡಿದ ಗಟ್ಟಿ ಯಂತ್ರ ಹೊಸದರ ಅರ್ಧ ಬೆಲೆಗೆ ಸಿಕ್ಕರೆ, ಕನ್ನಡ ಮಾಧ್ಯಮದಿಂದ ಹೊರಬಂದ ಮಗುವಿಗೆ ಅದು ಧಾರಾಳವಾಗಿ ಸಾಕು. ಅಗ್ಗವೆಂಬುದೇ ಅನುಮಾನಕ್ಕೆ ಕಾರಣವಾಗಬಾರದು.

ಆದರೆ ಅಗ್ಗಕ್ಕೂ ಒಂದು ತಳವಿದೆ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಶೇಕಡಾ. ‘ಹೊಚ್ಚ ಹೊಸದು, 4,999’ ಎಂದರೆ ಅದರಲ್ಲಿ ತೆರಿಗೆಯೇ ಸುಮಾರು 763 ರೂಪಾಯಿ. ಉಳಿದ 4,236ರಲ್ಲಿ ಪರದೆ, ಪ್ರೊಸೆಸರ್, ಮೆಮೊರಿ, ಬ್ಯಾಟರಿ, ಸಾಗಣೆ, ಜಾಹೀರಾತು, ಲಾಭ ಎಲ್ಲ ಆಗಬೇಕು. ಏಳನೇ ಕ್ಲಾಸಿನ ಲಾಭ ನಷ್ಟದ ಲೆಕ್ಕ ಕಲಿತ ಮಗುವಿಗೂ ಇದು ಕೂಡುವುದಿಲ್ಲವೆಂದು ಗೊತ್ತಾಗುತ್ತದೆ. ಕೂಡದ ಲೆಕ್ಕವನ್ನು ಸರಕಾರದ ಪಟವೋ ಮಂತ್ರಿಯ ನಗುವೋ ಕೂಡಿಸುವುದಿಲ್ಲ.

ಇದಕ್ಕೆ ನೆನಪಿಡಬೇಕಾದ ಎರಡು ಪ್ರಸಂಗಗಳಿವೆ. 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಏಳಿಂಚಿನ ಪರದೆ, 256 ಎಂಬಿ ಮೆಮೊರಿ, 366 ಮೆಗಾಹರ್ಟ್ಸ್ ಪ್ರೊಸೆಸರ್. ಅದು ಮೋಸವಲ್ಲ. ಸರಕಾರದ ಒಳ್ಳೆಯ ಉದ್ದೇಶವೇ. ಆದರೆ ಬೆರಳಿನಿಂದ ಒತ್ತಿ ಒತ್ತಿ ಕಾಯಬೇಕಾದ ಆ ಯಂತ್ರದಲ್ಲಿ ಪಾಠ ಓದಲು ಮಕ್ಕಳಿಗೆ ತಾಳ್ಮೆ ಇರಲಿಲ್ಲ. ಎರಡನೆಯದು 2016ರ ಫೆಬ್ರವರಿಯ ‘ಫ್ರೀಡಂ 251’. ನೋಯ್ಡಾದ ಕಂಪನಿಯೊಂದು 251 ರೂಪಾಯಿಗೆ ಸ್ಮಾರ್ಟ್‌ಫೋನ್ ಎಂದು ಪತ್ರಿಕೆಗಳ ಮುಖಪುಟದಲ್ಲಿ ಜಾಹೀರಾತು ಹಾಕಿತು. ದೇಶವೇ ಬುಕಿಂಗಿಗೆ ಮುಗಿಬಿತ್ತು. ತೋರಿಸಲು ಇಟ್ಟಿದ್ದ ಫೋನುಗಳ ಮೇಲೆ ಬೇರೊಂದು ಕಂಪನಿಯ ಹೆಸರಿಗೆ ಬಿಳಿ ಬಳಿದಿದ್ದರೆಂದು ಪತ್ರಿಕೆಗಳು ಬರೆದವು. ಮರುವರ್ಷ ಫೆಬ್ರವರಿಯಲ್ಲಿ ವಿತರಕರೊಬ್ಬರ ದೂರಿನ ಮೇಲೆ ಗಾಜಿಯಾಬಾದಿನ ಪೊಲೀಸರು ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದರು. ಮುಖಪುಟದ ಜಾಹೀರಾತು ನಂಬಿಕೆಗೆ ಆಧಾರವಲ್ಲ ಎಂಬುದು ಆಗಲೇ ತೀರ್ಮಾನವಾದ ಮಾತು. ಫೋನಿನಲ್ಲಿ ಬರುವ ಜಾಹೀರಾತಿನ ಬಗ್ಗೆ ಬೇರೆ ಹೇಳಬೇಕೆ?

ಇನ್ನು ಹುಡುಗರ ‘ಕ್ಯಾಶ್ ಆನ್ ಡೆಲಿವರಿ’. ನನ್ನ ವಯಸ್ಸಿನವರಿಗೆ ವಿ.ಪಿ.ಪಿ. ನೆನಪಿರಬೇಕು. ಪತ್ರಿಕೆಯ ಮೂಲೆಯಲ್ಲಿ ಚೌಕುಳಿಯ ಪದಬಂಧ, ತುಂಬಿ ಕಳಿಸಿದವರಿಗೆಲ್ಲ ಬಹುಮಾನ, ಮೂರು ಬ್ಯಾಂಡಿನ ಟ್ರಾನ್ಸಿಸ್ಟರು ಅರ್ಧ ಬೆಲೆಗೆ. ಅಂಚೆಯಣ್ಣ ಪೆಟ್ಟಿಗೆ ತಂದು ನಿಲ್ಲುತ್ತಿದ್ದ. ದುಡ್ಡು ಕೊಡುವ ತನಕ ಬಿಚ್ಚುವ ಹಾಗಿಲ್ಲ, ಅಂಚೆಯ ನಿಯಮವೇ ಹಾಗೆ. ಬಿಚ್ಚಿದ ಮೇಲೆ ಪೆಟ್ಟಿಗೆಯೊಳಗೆ ಏನಿದ್ದರೂ ಅಂಚೆಯಣ್ಣ ಜವಾಬ್ದಾರನಲ್ಲ. ಈಗಿನ ಕ್ಯಾಶ್ ಆನ್ ಡೆಲಿವರಿಯೂ ಬಹುಪಾಲು ಅದೇ ವಿ.ಪಿ.ಪಿ.ಯ ಮೊಮ್ಮಗ. ಕೊರಿಯರ್ ಹುಡುಗ ದುಡ್ಡು ಎಣಿಸಿಕೊಂಡು ಬೈಕು ಹತ್ತುತ್ತಾನೆ. ಅವನನ್ನು ಬೈದು ಫಲವಿಲ್ಲ, ಅವನೂ ದಿನಗೂಲಿಯವನೇ. ಕೆಲವು ದೊಡ್ಡ ಜಾಲತಾಣಗಳು ಮಾತ್ರ ಎದುರಿಗೇ ಪೆಟ್ಟಿಗೆ ಬಿಚ್ಚಿ ತೋರಿಸಿ ಕೊಡುವ ವ್ಯವಸ್ಥೆ ಮಾಡಿವೆ. ಅದು ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಬಂದ ಪೆಟ್ಟಿಗೆಯ ಲೇಬಲ್ಲಿನಿಂದ ಶುರುಮಾಡಿ ಕಡೆಯ ತನಕ ನಿಲ್ಲಿಸದೆ ವೀಡಿಯೊ ತೆಗೆಯುತ್ತಾ ಬಿಚ್ಚಿ. ಮನೆಯಲ್ಲಿ ಈ ಕೆಲಸಕ್ಕೆ ಮಕ್ಕಳೇ ಸರಿ.

ಹಾಗಾದರೆ ಮಾರುವವನನ್ನು ಅಳೆಯುವುದು ಹೇಗೆ? ಜಾಲತಾಣ ಚೆನ್ನಾಗಿದೆ, ಐದು ನಕ್ಷತ್ರದ ಮೆಚ್ಚುಗೆಗಳಿವೆ, ಫೋನಿನಲ್ಲಿ ವಿನಯವಾಗಿ ಮಾತಾಡಿದರು ಎನ್ನುವುದೆಲ್ಲ ಬಿಡಿ. ಇವೆಲ್ಲ ದುಡ್ಡಿಗೆ ಸಿಗುವ ವಸ್ತುಗಳು. ನಾನು ಕೇಳುವುದು ಒಂದೇ: ನಾಳೆ ಜಗಳ ಬಂದರೆ ಇವನನ್ನು ಎಲ್ಲಿ ಹಿಡಿಯಬೇಕು? ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುವ ಮೊದಲು ‘ಯಾವೂರಪ್ಪಾ ನಿಂದು?’ ಎನ್ನುತ್ತಾನಲ್ಲ, ಅದೇ ಪ್ರಶ್ನೆ. ಇದಕ್ಕೆ ಈಗ ಕಾನೂನಿನ ಬಲವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣದಲ್ಲಿ ಮಾರುವವರು ತಮ್ಮ ನೋಂದಾಯಿತ ಹೆಸರು, ಕಚೇರಿಯ ವಿಳಾಸ, ಸಂಪರ್ಕ ಸಂಖ್ಯೆ, ದೂರು ಕೇಳುವ ಅಧಿಕಾರಿಯ ಹೆಸರು ಕಾಣುವಂತೆ ಹಾಕಲೇಬೇಕು. ಬರೀ ವಾಟ್ಸಾಪ್ ನಂಬರು, ಬರೀ ಒಂದು ಅರ್ಜಿ ನಮೂನೆ ಇದ್ದರೆ, ಅಲ್ಲಿಗೇ ನಿಲ್ಲಿಸಿ. ಮುಂದೆ ನೋಡುವ ಅಗತ್ಯವೇ ಇಲ್ಲ.

ವಿಳಾಸ ಇದ್ದರೆ ಮುಂದಿನ ಹೆಜ್ಜೆ ಜಿಎಸ್‌ಟಿ ಸಂಖ್ಯೆ. ಇದನ್ನು ನಾನು ಹಳ್ಳಿಯ ತಾಯಂದಿರಿಗೂ ಕಲಿಸಿದ್ದೇನೆ, ಕಷ್ಟವೇನಿಲ್ಲ. ಹದಿನೈದು ಅಕ್ಷರಗಳ ಸಂಖ್ಯೆ ಅದು. ಮೊದಲ ಎರಡಂಕಿ ರಾಜ್ಯದ್ದು. ತಮಿಳುನಾಡಿಗೆ 33, ಕರ್ನಾಟಕಕ್ಕೆ 29, ಕೇರಳಕ್ಕೆ 32, ಮಹಾರಾಷ್ಟ್ರಕ್ಕೆ 27, ಆಂಧ್ರಕ್ಕೆ 37, ತೆಲಂಗಾಣಕ್ಕೆ 36, ಗೋವಾಕ್ಕೆ 30, ದೆಹಲಿಗೆ 07. ನಂತರದ ಹತ್ತು ಅಕ್ಷರ ಮಾಲೀಕನ ಅಥವಾ ಕಂಪನಿಯ ಪ್ಯಾನ್. ಬೆಂಗಳೂರಿನ ಅಂಗಡಿ ಎಂದು ಹೇಳಿಕೊಂಡು ಸಂಖ್ಯೆ 07ರಿಂದ ಶುರುವಾದರೆ ಏಕೆಂದು ಕೇಳಬೇಕು. ಜಿಎಸ್‌ಟಿಯ ಸರಕಾರಿ ಜಾಲತಾಣದಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಎಂಬ ಜಾಗದಲ್ಲಿ ಆ ಸಂಖ್ಯೆ ಹಾಕಿದರೆ, ಲಾಗಿನ್ ಇಲ್ಲದೆಯೇ, ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯಾದ ದಿನಾಂಕ, ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ‘ನಾವು ಸಣ್ಣವರು ಸಾರ್, ಜಿಎಸ್‌ಟಿ ಇಲ್ಲ’ ಎಂಬ ಮಾತು ಊರಿನ ಕಿರಾಣಿ ಅಂಗಡಿಯವನಿಗೆ ಸಲ್ಲಬಹುದು. ಬೇರೆ ರಾಜ್ಯದಿಂದ ಲ್ಯಾಪ್‌ಟಾಪ್ ಕಳಿಸಿ ಮಾರುವವನಿಗೆ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯ. ‘ಹತ್ತು ವರ್ಷದ ನಂಬಿಕೆ’ ಎಂದು ಬರೆದವನ ನೋಂದಣಿ ಎರಡು ತಿಂಗಳ ಹಿಂದಿನದಾಗಿದ್ದರೆ ನಿಮಗೇ ಅರ್ಥವಾಗುತ್ತದೆ.

ಮತ್ತೊಬ್ಬರ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವವರೂ ಇದ್ದಾರೆ. ಆದ್ದರಿಂದ ಮೂರನೆಯ ಹೆಜ್ಜೆಯನ್ನು ಬಿಡಬೇಡಿ. ಯುಪಿಐನಲ್ಲಿ ದುಡ್ಡು ಹಾಕುವ ಮೊದಲು ಪರದೆಯ ಮೇಲೆ ಪಡೆಯುವವನ ಹೆಸರು ಬರುತ್ತದೆ. ಅದು ಜಿಎಸ್‌ಟಿಯಲ್ಲಿ ಕಂಡ ಎರಡು ಹೆಸರುಗಳಲ್ಲಿ ಒಂದಕ್ಕಾದರೂ ಹೊಂದಬೇಕು. ಅಂಗಡಿಯ ಹೆಸರು ಒಂದು, ನೋಂದಣಿ ಇನ್ನೊಬ್ಬರದು, ದುಡ್ಡು ಮೂರನೆಯವರ ಖಾತೆಗೆ ಎಂದರೆ ಪಿನ್ ಒತ್ತಬೇಡಿ. ದೊಡ್ಡ ಜಾಲತಾಣದಲ್ಲಿ ಸರಕು ತೋರಿಸಿ, ‘ಇಲ್ಲಿ ಬೇಡ, ನೇರ ನನ್ನ ನಂಬರಿಗೆ ಹಾಕಿ, ಐನೂರು ಕಮ್ಮಿ ಮಾಡ್ತೀನಿ’ ಎನ್ನುವವರದ್ದೂ ಇದೇ ಜಾತಿ. ಆ ಐನೂರಿಗೆ ನೀವು ಮಾರುವುದು ನಿಮ್ಮ ದೂರಿನ ಹಕ್ಕನ್ನು.

ಇಷ್ಟೆಲ್ಲ ಸರಿಯಿದ್ದೂ ಯಂತ್ರ ಕೆಟ್ಟದಿರಬಹುದು. ತಳಿ ಕಡೆಯ ಒಂದು ಹಳ್ಳಿಯ ಹುಡುಗಿ, ಕನ್ನಡ ಮಾಧ್ಯಮದಲ್ಲೇ ಓದಿ ಒಳ್ಳೆಯ ಅಂಕ ತೆಗೆದವಳು. ತಾಯಿ ಸಂಘದ ಸಾಲದಲ್ಲಿ 6,499 ರೂಪಾಯಿ ಕಟ್ಟಿ ಪಾರ್ಸೆಲ್ ತರಿಸಿದರು. ಪೆಟ್ಟಿಗೆಯಲ್ಲಿ ಕಲ್ಲಿರಲಿಲ್ಲ, ಲ್ಯಾಪ್‌ಟಾಪೇ ಇತ್ತು. ಆದರೆ 16 ಜಿಬಿ ಎಂದದ್ದು 4 ಜಿಬಿ, ಚಾರ್ಜರ್ ಕಿತ್ತರೆ ಎಂಟು ನಿಮಿಷದಲ್ಲಿ ಕತ್ತಲೆ. ಕೇಳಿದರೆ ಮಾರಿದವನ ಉತ್ತರ, ‘ಐ5 ಅಂದಿದ್ವಿ, ಐ5 ಕೊಟ್ಟಿದ್ದೀವಿ.’ ಆ ಒಂದು ಮಾತಿನಲ್ಲಿ ಅವನು ಸುಳ್ಳು ಹೇಳಲಿಲ್ಲ. ಐ5 ಎಂಬ ಹೆಸರು 2009ರಿಂದ ಇದೆ. ಅದು ಗಾಡಿಯ ಹೆಸರಿದ್ದಂತೆ. ಯಾವ ವರ್ಷದ ಗಾಡಿ ಎಂಬುದು ಮುಂದಿನ ಅಂಕಿಗಳಲ್ಲಿರುತ್ತದೆ. ಐ5-4300 ಎಂದರೆ ನಾಲ್ಕನೇ ಪೀಳಿಗೆ, 8250 ಎಂದರೆ ಎಂಟನೆಯದು, 10210 ಎಂದರೆ ಹತ್ತನೆಯದು. ಬರೀ ಮೂರಂಕಿ ಇದ್ದರೆ ಮೊದಲ ಪೀಳಿಗೆ. ಹುಡುಗಿಗೆ ಬಂದದ್ದು ಅದು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ಹಳೆಯ ಪೀಳಿಗೆಯ ರಾಶಿ ರಾಶಿ ಯಂತ್ರಗಳು ಈಗ ‘ವಿದ್ಯಾರ್ಥಿ ಕೊಡುಗೆ’ಯ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತಿವೆ. ಜಾಹೀರಾತಿನಲ್ಲಿ ಅಂಕಿಯನ್ನು ಬಿಟ್ಟಿದ್ದಾರೆಂದರೆ ಬೇಕೆಂದೇ ಬಿಟ್ಟಿದ್ದಾರೆ.

ಹಾಗೆಂದು ಹಳೆಯ ಪೀಳಿಗೆಯೆಲ್ಲ ಗುಜರಿಯಲ್ಲ. ಕಾಸರಗೋಡಿನ ಓದುಗರಿಗೆ ಇದು ಗೊತ್ತು. ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಒದಗಿಸುವ ಲಿನಕ್ಸ್ ಆಧಾರಿತ ಉಚಿತ ತಂತ್ರಾಂಶದಲ್ಲೇ ಮಕ್ಕಳು ಕಲಿಯುತ್ತಿದ್ದಾರೆ. ಅಂಥ ಹಗುರ ಲಿನಕ್ಸ್ ಹಾಕಿದರೆ ನಾಲ್ಕನೇ ಪೀಳಿಗೆಯ ಯಂತ್ರವೂ ಬರೆಯಲು, ಓದಲು, ಪಾಠದ ವೀಡಿಯೊ ನೋಡಲು ಚೆನ್ನಾಗಿ ನಡೆಯುತ್ತದೆ. ಅದನ್ನು ಹಳೆಯದೆಂದು ಹೇಳಿ ಹಳೆಯ ಬೆಲೆಗೆ ಕೊಡುವವನು ಪ್ರಾಮಾಣಿಕ. ಇನ್ನೊಂದು ಸಣ್ಣ ಮಾತು. ‘ಕನ್ನಡ ಸಾಫ್ಟ್‌ವೇರ್ ಹಾಕಿಕೊಡ್ತೀವಿ, 800 ರೂಪಾಯಿ’ ಎನ್ನುವವರಿಗೆ ಕೊಡಬೇಡಿ. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಕನ್ನಡ ಕೀಲಿಮಣೆ ಬಿಟ್ಟಿಯಾಗಿಯೇ ಇದೆ. ‘ನುಡಿ’ ತಂತ್ರಾಂಶವೂ ಉಚಿತ. ನಮ್ಮ ಭಾಷೆಯನ್ನು ನಮಗೇ ಮಾರುವುದನ್ನು ನೋಡಿದರೆ ನನಗೆ ಮೈಯುರಿಯುತ್ತದೆ.

ಆದ್ದರಿಂದ ಫೋನು ಮಾಡಿ ಕೇಳಿ: ಪ್ರೊಸೆಸರಿನ ಪೂರ್ತಿ ಸಂಖ್ಯೆ ಎಷ್ಟು? ನನಗೆ ಕಳಿಸುವ ಯಂತ್ರದ್ದೇ ಸೀರಿಯಲ್ ನಂಬರಿನ ಫೋಟೊ ಕಳಿಸುತ್ತೀರಾ? ಬಿಲ್ಲಿನಲ್ಲಿ ಅದೇ ನಂಬರು ಬರೆಯುತ್ತೀರಾ? ಗ್ಯಾರಂಟಿ ಎಷ್ಟು ತಿಂಗಳು, ಬ್ಯಾಟರಿಗೂ ಸೇರಿಯಾ? ನೆಟ್ಟಗಿನ ವ್ಯಾಪಾರಿ ಇದಕ್ಕೆಲ್ಲ ಉತ್ತರ ಕೊಡುತ್ತಾನೆ, ಸ್ವಲ್ಪ ಗೊಣಗಿಕೊಂಡಾದರೂ. ಮತ್ತೊಬ್ಬನು ‘ಎರಡೇ ಪೀಸ್ ಉಳಿದಿದೆ, ಬೇಗ ಹಾಕಿ’ ಎನ್ನುತ್ತಾನೆ. ಹೊಸದು ಎಂದು ಮಾರುವ ಲ್ಯಾಪ್‌ಟಾಪಿಗೂ ಅದರ ಚಾರ್ಜರಿಗೂ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಯಾರ ಸಂಖ್ಯೆ ಎಂದು ತಿಳಿಯುತ್ತದೆ. ಬೆಂಕಿ ಹತ್ತುವುದು ಹೆಚ್ಚಾಗಿ ಕಳಪೆ ಚಾರ್ಜರಿನಿಂದ. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ.

ಷರತ್ತುಗಳ ಪುಟವನ್ನು ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಹೀಯಾಳಿಸುವವರಿದ್ದಾರೆ. ಆದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಅರ್ಥ ದಾಟಿಸುವುದು ಗಡಿನಾಡಿನ ಮಗುವಿನ ದಿನನಿತ್ಯದ ಕೆಲಸ. ಬಸ್ಸಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ‘ಸೀಲ್ ಒಡೆದರೆ ವಾಪಸಿಲ್ಲ’, ‘ವಾಪಸ್ ಸಾಗಣೆ ವೆಚ್ಚ ಗ್ರಾಹಕನದು’, ‘ಹಣದ ಬದಲು ಕೂಪನ್ ಮಾತ್ರ’ ಎಂಬ ಸಾಲುಗಳು ಮಗುವಿನ ಬಾಯಿಂದ ಕನ್ನಡದಲ್ಲಿ ಬಂದಾಗ ಅಪ್ಪ ಅಮ್ಮ ಇಬ್ಬರಿಗೂ ಕಿವಿ ನೆಟ್ಟಗಾಗುತ್ತದೆ. ದೋಷವಿರುವ, ಹೇಳಿದಂತಿಲ್ಲದ, ಹೇಳಿದ ಅವಧಿ ಮೀರಿ ಬಂದ ಸರಕನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ನಿಯಮ ಹೇಳುತ್ತದೆ. ಷರತ್ತಿನಲ್ಲಿ ಅದಕ್ಕೆ ವಿರುದ್ಧವಾಗಿ ಬರೆದಿದ್ದರೆ ಆ ಅಂಗಡಿಯ ಬುದ್ಧಿ ತಿಳಿದಂತಾಯಿತು.

ಈಗ ನನ್ನ ಹಳೆಯ ಸಹೋದ್ಯೋಗಿಗಳ ಜೊತೆ ಒಂದು ಜಗಳ. ಈ ಲಿಂಕುಗಳು ಪಾಲಕರ ಗುಂಪಿಗೆ ಬರುವುದು ಅನೇಕ ಸಲ ಮೇಷ್ಟ್ರ ಫೋನಿನಿಂದಲೇ. ಕೆಟ್ಟ ಉದ್ದೇಶವಿಲ್ಲ, ಬಡ ಮಕ್ಕಳಿಗೆ ಅನುಕೂಲವಾಗಲಿ ಎಂದೇ ಕಳಿಸುತ್ತಾರೆ. ಆದರೆ ಪಾಲಕರು ಅಲ್ಲಿ ಓದುವುದು ಜಾಹೀರಾತನ್ನಲ್ಲ, ಮೇಷ್ಟ್ರ ಹೆಸರನ್ನು. ತಮಿಳುನಾಡಿನಲ್ಲಿ 2011ರಿಂದ ಹಲವು ವರ್ಷ ಸರಕಾರಿ ಹಾಗೂ ಅನುದಾನಿತ ಶಾಲೆಯ ಮಕ್ಕಳಿಗೆ ನಿಜವಾಗಿಯೂ ಉಚಿತ ಲ್ಯಾಪ್‌ಟಾಪ್ ಬಂದಿತ್ತು, ನಮ್ಮ ಮಕ್ಕಳ ಕೈಗೂ ಬಂದಿತ್ತು. ಆದ್ದರಿಂದ ‘ಪ್ರಧಾನಿ ಉಚಿತ ಲ್ಯಾಪ್‌ಟಾಪ್ ಯೋಜನೆ, ಇಲ್ಲಿ ಒತ್ತಿ’ ಎಂದರೆ ಇಲ್ಲಿನವರು ಬೇಗ ನಂಬುತ್ತಾರೆ. ಅಂಥ ಸಂದೇಶ ಸುಳ್ಳೆಂದು ಕೇಂದ್ರದ ಪಿಐಬಿ ಮತ್ತೆ ಮತ್ತೆ ಹೇಳಿದೆ. ನಿಜವಾದ ಯೋಜನೆ ಶಾಲೆ ಕಾಲೇಜಿನ ಕಚೇರಿಯ ಮೂಲಕ ಬರುತ್ತದೆ. ಲಿಂಕ್ ಒತ್ತಿ ಬ್ಯಾಂಕ್ ವಿವರ ತುಂಬಿ ಎಂದು ಕೇಳುವುದಿಲ್ಲ. ಮುಖ್ಯೋಪಾಧ್ಯಾಯರು ಗುಂಪಿನಲ್ಲಿ ವ್ಯಾಪಾರದ ಲಿಂಕ್ ಹಾಕಬಾರದೆಂದು ಒಂದು ಕಟ್ಟಳೆ ಮಾಡಿದರೆ ಪಾಲಕರ ಸಭೆಯಲ್ಲಿ ಅದನ್ನು ಬೆಂಬಲಿಸಿ. ಮಾಡದಿದ್ದರೆ ನೀವೇ ಕೇಳಿ. ಬದಲಿಗೆ ಶಾಲೆ ಮಾಡಬಹುದಾದ ಕೆಲಸವೊಂದಿದೆ: ಲ್ಯಾಪ್‌ಟಾಪ್ ಬೇಕಾದ ಎಂಟು ಹತ್ತು ಮನೆಯವರು ಸೇರಿ, ತಿಳಿದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಎಸ್‌.ಪಿ. ರಸ್ತೆಗೆ ಹೋಗಿ ಬರುವುದು. ಹೊಸೂರಿನಿಂದ ಬೆಂಗಳೂರು ಸುಮಾರು ನಲವತ್ತು ಕಿಲೋಮೀಟರ್. ಹತ್ತು ಜನ ಒಟ್ಟಿಗೆ ಕೇಳಿದರೆ ಬೆಲೆಯೂ ಇಳಿಯುತ್ತದೆ. ಸರಕು ಕೆಟ್ಟರೆ ವಾಪಸು ಹೋಗಿ ನಿಲ್ಲಲು ಒಂದು ಬಾಗಿಲಿರುತ್ತದೆ. ದಿಂಬಂ ಘಾಟಿಯ 27 ತಿರುವು ಇಳಿದು ಹೋಗಬೇಕಾದ ತಾಳವಾಡಿಯವರಿಗೆ ಸತ್ಯಮಂಗಲಕ್ಕಿಂತ ಚಾಮರಾಜನಗರವೇ ಹತ್ತಿರ, ಅಲ್ಲೂ ವಿಚಾರಿಸಬಹುದು.

ದುಡ್ಡು ಹೋದ ಮೇಲೆ? ಪಾರ್ಸೆಲ್ಲೇ ಬರದೆ ನಂಬರು ಸ್ವಿಚ್ ಆಫ್ ಆಗಿದ್ದರೆ ಅದು ಸೈಬರ್ ಅಪರಾಧ. ತಕ್ಷಣ 1930ಕ್ಕೆ ಫೋನು ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ಠಾಣೆಗೆ ಹೋಗಬೇಕಾದರೆ ಅಲ್ಲಿನ ವ್ಯವಹಾರ ತಮಿಳಿನಲ್ಲಿ. 2006ರ ತಮಿಳು ಕಲಿಕೆ ಕಾಯ್ದೆಯ ಬಗ್ಗೆ ನಮ್ಮ ತಕರಾರು ಏನೇ ಇರಲಿ, ದೂರು ಬರೆಯುವಾಗ ಮಕ್ಕಳ ತಮಿಳು ಕೈಹಿಡಿಯುತ್ತದೆ. ಸರಕು ಬಂದು ಹೇಳಿದಂತಿಲ್ಲದಿದ್ದರೆ ಮೊದಲು ಜಾಲತಾಣದ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದು ನಿಯಮ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮುಂದೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕು 2019ರ ಕಾಯ್ದೆಯಲ್ಲಿದೆ. ಆನ್‌ಲೈನಿನಲ್ಲೂ ಸಲ್ಲಿಸಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ತಳಿ ಕಡೆಯ ಆ ಹುಡುಗಿ ಜಾಹೀರಾತಿನ ಪಟ, ದುಡ್ಡು ಕಟ್ಟಿದ ರಸೀದಿ, ಮಾತುಕತೆ ಎಲ್ಲ ಫೋನಿನಲ್ಲಿ ತೆಗೆದಿಟ್ಟಿದ್ದಳು. ‘16 ಜಿಬಿ’ ಎಂಬ ಪಟವೇ ಅವಳ ಸಾಕ್ಷಿಯಾಯಿತು. 1915ಕ್ಕೆ ಹೇಳಿ ಎರಡು ತಿಂಗಳ ಮೇಲೆ ಐದು ಸಾವಿರ ವಾಪಸು ಬಂತು, ಉಳಿದದ್ದು ಬರಲಿಲ್ಲ. ಫೋನು ಮಾಡುವ ಮೊದಲು ಅವಳ ತಾಯಿ ಹಿಂಜರಿದದ್ದು ಭಾಷೆಗೆ, ಹಿಂದಿ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು. ಆ ಸಹಾಯವಾಣಿ ಹದಿನೇಳು ಭಾಷೆಗಳಲ್ಲಿ ಮಾತಾಡುತ್ತದೆ. ಅದರಲ್ಲಿ ಕನ್ನಡವೂ ಇದೆ, ತಮಿಳು, ಮಲಯಾಳಂ, ಮರಾಠಿ, ತೆಲುಗೂ ಇವೆ. ಫೋನು ತೆಗೆದವರಿಗೆ ಮೊದಲ ಮಾತಿನಲ್ಲೇ ‘ಕನ್ನಡದಲ್ಲಿ ಮಾತಾಡಬೇಕು’ ಎಂದು ಹೇಳಿ, ಆರ್ಡರ್ ನಂಬರನ್ನು ಕೈಯಲ್ಲಿ ಹಿಡಿದುಕೊಂಡಿರಿ.